ಮೂರು ದನಿಯ ಅಕ್ಕೋರು

ಅಕ್ಕೋರು ತೀರಿಕೊಂಡ ಹದಿನೈದನೆಯ ದಿನಕ್ಕೆ ಶ್ರದ್ಧಾಂಜಲಿ ಸಭೆ ಮಾಡಿದರು. ಮಾಡಿದವರು ಯಾರು? ಅವರನ್ನು ಸಾಲಿಯಿಂದ ಹೊರಗೆ ಹಾಕಿದ ಚರ್ಚಿನವರೇ. ಫೋಟೊಕ್ಕೆ ಸೇವಂತಿಗೆ ಮಾಲೆ, ಮುಂದೆ ಮೇಣದಬತ್ತಿ, ಪಕ್ಕದಲ್ಲಿ ಮೈಕು. ಹಿರಿಯರೊಬ್ಬರು ಕಾಗದ ಬಿಚ್ಚಿ, "ಅವರು ಶಾಂತ ಸ್ವಭಾವದವರಾಗಿದ್ದರು, ಜೀವನದಲ್ಲಿ ಯಾರಿಗೂ ಎದುರಾಡಿದವರಲ್ಲ" ಎಂದು ಓದಿದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಮೈ ಉರಿದುಹೋಯಿತು. ನೌಕರಿ ಕಸಿದುಕೊಂಡದ್ದು ಸಾಲದೆ ಈಗ ಆಕೆಯ ಸಿಟ್ಟನ್ನೂ ಕಸಿದುಕೊಳ್ಳುತ್ತಿದ್ದಾರಲ್ಲ ಎಂದು ಎದ್ದು ಹೊರಗೆ ಬಂದೆ.

ಅಕ್ಕೋರು ಶಾಂತ ಸ್ವಭಾವದವರಲ್ಲ. ಸಿಟ್ಟು ಬಂದರೆ ಅವರ ಕಿವಿ ಕೆಂಪಾಗುತ್ತಿದ್ದವು. ದನಿ ಮಾತ್ರ ಏರುವ ಬದಲು ಇಳಿಯುತ್ತಿತ್ತು, ಇಳಿದಷ್ಟೂ ಎದುರಿಗಿದ್ದವರಿಗೆ ಗಾಬರಿಯಾಗುತ್ತಿತ್ತು. ಒಮ್ಮೆ ವಿಜಾಪುರದಿಂದ ಸಾಲಿ ತಪಾಸಣೆಗೆ ಸಾಹೇಬರೊಬ್ಬರು ಬಂದಿದ್ದರು. ಹುಡುಗಿಯರು ಸ್ವಾಗತದ ಹಾಡು ಹಾಡುತ್ತಿದ್ದರೆ ಅವರು ಪಕ್ಕದವರ ಜೋಡಿ ಊಟದ ವಿಚಾರ ಮಾತಾಡುತ್ತಿದ್ದರು. ಅಕ್ಕೋರು ಕೈಯೆತ್ತಿ ಹಾಡು ನಿಲ್ಲಿಸಿದರು. "ಸಾಹೇಬರದು ಮುಗೀಲಿ, ಆಮ್ಯಾಲ ಹಾಡೂಣು" ಅಂದರು. ಸಾಹೇಬರು ಬಾಯಿ ಮುಚ್ಚಿದರು. ಆದರೆ ಅದನ್ನು ಮರೆಯಲಿಲ್ಲ.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತೇವೆ. ಆಕೆಯ ಹೆಸರನ್ನು ನಾನು ಬರೆಯುವುದಿಲ್ಲ, ಆ ಮಾಲೆಯ ಕೆಳಗೆ ಬರೆದು ಹಾಕಿದ್ದಾರೆ, ಅಷ್ಟು ಸಾಕು. ಊರಿನ ಹೆಸರೂ ಬೇಡ. ಹುನಗುಂದದಿಂದ ನಡೆದು ಹೋಗುವಷ್ಟು ದೂರದ ಊರು. ಆಗಿನ್ನೂ ನಾವು ಮುಂಬಯಿ ಇಲಾಖೆಯಲ್ಲಿದ್ದೆವು. ಬಾಗಲಕೋಟೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದ ಮಾಸ್ತರರ ಮಗಳು ನಾನು, ಟ್ರೇನಿಂಗ್ ಮುಗಿಸಿ ಆ ಊರಿನ ಸರಕಾರಿ ಹೆಣ್ಣುಮಕ್ಕಳ ಸಾಲಿಗೆ ಹೋದೆ. ವಯಸ್ಸು ಇಪ್ಪತ್ತೊಂದು. ಕಾಳಿನ ವ್ಯಾಪಾರಿಯೊಬ್ಬರ ಮನೆಯಲ್ಲಿ ಬಾಡಿಗೆಗೆ ಒಂದು ಖೋಲಿ ಸಿಕ್ಕಿತು. ಗೋಡೆಯ ಆಚೆಯ ಖೋಲಿಯಲ್ಲಿ ಮಿಶನ್ ಸಾಲಿಯ ಅಕ್ಕೋರು ಇದ್ದರು. ನಲವತ್ತು ದಾಟಿದವರು, ಮದುವೆಯಾಗಿರಲಿಲ್ಲ.

ಮುಂಜಾನೆ ರೊಟ್ಟಿ ಬಡಿಯುತ್ತ ಅವರು ಹಾಡುತ್ತಿದ್ದರು. ವಿಚಿತ್ರದ ಹಾಡು. ಒಂದು ಸಾಲು ಹಾಡುವುದು, ತಟಕ್ಕನೆ ನಿಲ್ಲಿಸುವುದು, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಎಲ್ಲಿಂದಲೋ ಹಿಡಿಯುವುದು. ನಾನು ಅಜ್ಜಿಯ ಬಾಯಿಂದ ದೇವರನಾಮ ಕಲಿತವಳು. ಹಾಡು ಹೀಗೆ ತೂತು ಬೀಳುವುದನ್ನು ಕಂಡಿರಲಿಲ್ಲ. ಒಂದು ವಾರ ತಡೆದು, ನೀರಿನ ಕೊಡ ಇಳಿಸುವಾಗ ಕೇಳಿಯೇ ಬಿಟ್ಟೆ.

"ಅಕ್ಕೋರ, ಹಾಡು ನಡುನಡುವ ಯಾಕ ನಿಲ್ಲಸ್ತೀರಿ?"

"ನಿಂತಿಲ್ಲ ಅದು" ಅಂದರು. "ಅಲ್ಲೆ ಬ್ಯಾರೆ ಇಬ್ರು ಹಾಡಾಕತ್ತಾರ. ನಿಮಗ ಕೇಳವಲ್ದು, ಅಷ್ಟ."

ಆ ಸಂಜೆ ಅವರು ಟ್ರಂಕಿನಿಂದ ಒಂದು ಹಳೆಯ ಪುಸ್ತಕ ತೆಗೆದು ತೋರಿಸಿದರು. ಇಂಗ್ಲಂಡಿನಲ್ಲಿ ಮುನ್ನೂರೈವತ್ತು ವರ್ಷದ ಹಿಂದೆ ಒಬ್ಬ ಸಂಗೀತಗಾರ ಬರೆದ ಪೂಜೆಯ ಹಾಡು. ಅಕ್ಕೋರು ಅವನನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ಮನೆಯ ಹಿರಿಯನೊಬ್ಬನ ಮಾತಾಡುವ ಹಾಗೆ "ಮುದುಕ" ಅನ್ನುತ್ತಿದ್ದರು. ಪುಸ್ತಕ ಕೊಟ್ಟವರು ಬಾದಾಮಿ ಕಡೆ ಸಣ್ಣ ದವಾಖಾನಿ ನಡೆಸುತ್ತಿದ್ದ ಇಂಗ್ಲಿಷ್ ಮಿಸ್ಸಮ್ಮ. ಜಡ್ಡಿನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಅಕ್ಕೋರನ್ನು ಸಾಕಿ, ಅಕ್ಷರದ ಜೋಡಿಯೇ ಸ್ವರ ಓದುವುದನ್ನೂ ಕಲಿಸಿದವರು ಅವರು. ಸ್ವಾತಂತ್ರ್ಯ ಬಂದ ಮೇಲೆ ವಯಸ್ಸಾಯಿತೆಂದು ತಮ್ಮ ದೇಶಕ್ಕೆ ಹೊರಟಾಗ ಆ ಪುಸ್ತಕವನ್ನು ಬಿಟ್ಟು ಹೋಗಿದ್ದರು.

ಅಕ್ಕೋರು ಅದರ ಸ್ವರಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ, ನಮ್ಮ ಸರಿಗಮದ ಹಾಗೆ ಇಂಗ್ಲಿಷರ ಡ ರ ಮ ಫ ಎಂದು, ಮಕ್ಕಳ ಕಾಪಿಪುಸ್ತಕಗಳಲ್ಲಿ ಇಳಿಸಿದ್ದರು. ಲ್ಯಾಟಿನ್ ಮಾತಿನ ಜಾಗದಲ್ಲಿ ಒಂದೊಂದೇ ಅಕ್ಷರ ಅಳೆದು ಕನ್ನಡ ಕೂಡಿಸಿದ್ದರು. ಮೂಲದಲ್ಲಿ ಕೆಳಗಿನ ದನಿ ಗಂಡಸರದು. ಅದನ್ನು ಹೆಂಗಸರ ಗಂಟಲಿಗೆ ಬರುವಂತೆ ಮೇಲೆತ್ತಿ, ಅಲ್ಲಲ್ಲಿ ಮುರಿದು ಜೋಡಿಸಿದ್ದರು. ಹನ್ನೊಂದು ವರ್ಷದ ಕೆಲಸ, ಮಿಸ್ಸಮ್ಮ ಇಲ್ಲಿದ್ದಾಗಲೇ ಶುರು ಮಾಡಿದ್ದು ಅಂದರು. ಅಷ್ಟೂ ವರ್ಷ ಅವರು ಮೂರು ದನಿಯಲ್ಲಿ ಒಂದನ್ನಷ್ಟೇ ಹಾಡಿ, ಉಳಿದ ಎರಡನ್ನು ಕಿವಿಯೊಳಗೆ ಕೇಳಿಕೊಂಡಿದ್ದರು.

"ಮೂರ ದನಿ ಯಾಕ್ರಿ?" ಅಂದೆ.

"ಅಷ್ಟ ಮಂದಿ ಸಿಗತಿದ್ರು ಅದಕ್ಕ." ಅವರು ಹೇಳಿದ್ದನ್ನು ನನಗೆ ನೆನಪಿದ್ದ ಹಾಗೆ ಬರೆಯುತ್ತೇನೆ. "ಮುದುಕ ಅಲ್ಲಿ ಇಂಗ್ಲಂಡಿನ ರಾಣಿಯ ಸ್ವಂತ ಚರ್ಚಿನ್ಯಾಗ ಸಂಗೀತಗಾರ. ಆದ್ರ ಇವನ ಮತ ಹಳೇದು, ರೋಮಿನ ಪೋಪಂದು. ರಾಣಿ ಕಾಯ್ದೆ ಮಾಡಿ ಹಳೇ ಪೂಜಿ ಬಂದ್ ಮಾಡಿದ್ಲು. ಇವನ ಹಾಡಿಗೆ ಬಹುಮಾನ, ಇವನ ದೇವರಿಗೆ ದಂಡ. ಅದಕ್ಕ ಅವ ಮಂದಿ ಮನ್ಯಾಗ, ಬಾಗಲಾ ಮುಚಗೊಂಡು ಹಾಡೂ ಅಂಥಾದ್ದು ಬರದ. ಮನ್ಯಾಗ ಮೂರ ಮಂದಿ ಇದ್ರ ಮೂರ ದನಿ, ಐದ ಮಂದಿ ಇದ್ರ ಐದ ದನಿ. ಪುಸ್ತಕ ಅಚ್ಚ ಹಾಕಿಸಿದಾಗ ಮ್ಯಾಲ ತಲಿಬರಹ ಇಲ್ಲ, ಅಚ್ಚ ಹಾಕಿದಾವನ ಹೆಸರಿಲ್ಲ. ಅವನ ಒಂದು ಪುಸ್ತಕ ಕೈಯಾಗ ಸಿಕ್ತು ಅಂತ ಒಬ್ಬನ್ನ ಹಿಡದು ಜೇಲಿಗೆ ಹಾಕಿದ್ರಂತ."

"ಮುದುಕನ್ನ?"

"ಅವನ್ನ ಏನೂ ಮಾಡಲಿಲ್ಲ. ಹಾಡು ಬೇಕಾಗಿತ್ತಲ್ಲ. ಎಂಬತ್ತರ ತನಕ ಬದುಕಿದ. ಮತ ಬಿಡಲಿಲ್ಲ, ಬರಿಯೂದೂ ಬಿಡಲಿಲ್ಲ." ಇಷ್ಟು ಹೇಳುವಾಗ ಅವರ ಕಿವಿ ಕೆಂಪಾಗಿದ್ದವು. ಮುನ್ನೂರೈವತ್ತು ವರ್ಷದ ಹಿಂದಿನ ಅನ್ಯಾಯಕ್ಕೆ ನಿನ್ನೆ ಮೊನ್ನೆಯದೆಂಬಂತೆ ಸಿಟ್ಟಾಗುವ ಮನುಷ್ಯರನ್ನು ನಾನು ಆಗಲೇ ಮೊದಲು ಕಂಡದ್ದು.

ಅಕ್ಕೋರು ಮೊದಲು ತಮ್ಮ ಸಾಲಿಯ ದೊಡ್ಡ ಹುಡುಗಿಯರಿಗೆ ಇದನ್ನು ಕಲಿಸಲು ನೋಡಿದ್ದರಂತೆ. ಹಾರ್ಮೋನಿಯಂ ಇಲ್ಲ, ತಾಳ ಇಲ್ಲ, ಒಬ್ಬೊಬ್ಬರೂ ಒಂದೊಂದು ದಾರಿ ಹಿಡಿಯಬೇಕು. ಆ ಚರ್ಚು ಪ್ರಾಟೆಸ್ಟಂಟರದು, ಪಾದ್ರಿಗಳು "ಇದು ರೋಮಿನವರ ಹಾಡು" ಅಂದದ್ದೇ ತಡ, ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡರು. ಹಾಗಾಗಿ ನಡುವಿನ ದನಿಗೆ ನಾನು ಸಿಕ್ಕೆ. ಕೆಳಗಿನ ದನಿಗೆ ಇಳಕಲ್ಲಿನ ಕಾಕಿ.

ಕಾಕಿ ನೇಕಾರರ ಮನೆಯ ವಿಧವೆ. ಅಕ್ಕೋರು ಸೀರೆ ಕೊಳ್ಳಲು ಹೋದಾಗ ಆಕೆ ಬೀಸುತ್ತ ಹಾಡುವುದನ್ನು ಕೇಳಿ ಅಂಗಳದಲ್ಲೇ ನಿಂತುಬಿಟ್ಟಿದ್ದರಂತೆ. ಅಂಥ ದಪ್ಪ, ನೆಲ ಹಿಡಿದು ಬರುವ ದನಿ. ಓದು ಬರುತ್ತಿರಲಿಲ್ಲ. ಅಕ್ಕೋರು ಒಮ್ಮೆ ಹಾಡಿದ್ದನ್ನು ಎರಡನೆಯ ಸಲಕ್ಕೆ ತಿರುಗಿ ಕೊಡುತ್ತಿದ್ದಳು. ರವಿವಾರ ಪ್ರಾರ್ಥನೆ ಮುಗಿದ ಮೇಲೆ ಅಕ್ಕೋರು, ನಾನು ಬಸ್ಸು ಹಿಡಿದು ಇಳಕಲ್ಲಿಗೆ ಹೋಗುತ್ತಿದ್ದೆವು. ಓಣಿಯ ತುಂಬ ಮಗ್ಗದ ಸಪ್ಪಳ. ಕಾಕಿ ತನ್ನ ಮಗ್ಗ ನಿಲ್ಲಿಸಿ, ಅದರ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟುಕೊಂಡೇ ಕೂತು ಹಾಡುತ್ತಿದ್ದಳು. ನಾವಿಬ್ಬರೂ ನೆಲದ ಮೇಲೆ. ನಾನು ಮುಂದಕ್ಕೆ ಓಡಿದರೆ ಅಕ್ಕೋರು ತೊಡೆಯ ಮೇಲೆ ಬಡಿಯುತ್ತಿದ್ದರು. "ದನಿ ಏರಸಬ್ಯಾಡ, ಕಿವಿ ಏರಸು. ಕಾಕಿ ಎಲ್ಲಿದ್ದಾಳ ನೋಡ್ಕೊಂಡು ಹೋಗು." ಮೊದಲ ಭಾಗ ನಾಲ್ಕಾರು ಉಸಿರಿನಷ್ಟು ಚಿಕ್ಕದು, ಕರುಣಿಸೆಂದು ಬೇಡುವುದು. ಅದನ್ನು ಮೂವರೂ ಬೀಳದೆ ದಾಟಿದ ದಿನ ಕಾಕಿ ಎದ್ದು ಹೋಗಿ ಬೆಲ್ಲ ತಂದು ಕೊಟ್ಟಳು.

ಮೂರನೆಯ ಭಾಗ ನಂಬಿಕೆಯ ಘೋಷಣೆ. ನಾನು ನಂಬುತ್ತೇನೆ, ನಂಬುತ್ತೇನೆ ಎಂದು ಕ್ರೈಸ್ತರು ಹೇಳುವಂಥದ್ದು. ಆ ಮಾತು ನನ್ನ ಬಾಯಲ್ಲಿ ಬರಲಿಲ್ಲ. "ಅಕ್ಕೋರ, ಇದನ್ನ ಹಾಡ್ಲಿಕ್ಕೆ ನನಗ ಆಗೂದಿಲ್ರಿ" ಅಂದೆ. ಕಾಕಿಯೂ, "ನಾ ಬನಶಂಕರಿ ಒಕ್ಕಲು ಅಕ್ಕೋರ" ಅಂದಳು.

ಅಕ್ಕೋರು ಸ್ವಲ್ಪ ಹೊತ್ತು ಕಾಪಿಪುಸ್ತಕ ನೋಡಿದರು. ಆ ಭಾಗ ಇಡೀ ಪೂಜೆಯಲ್ಲಿ ಎಲ್ಲಕ್ಕಿಂತ ಉದ್ದದ್ದು, ಬರೆದು ಜೋಡಿಸಲು ಅವರಿಗೆ ಮೂರು ವರ್ಷ ಹಿಡಿದಿತ್ತು. ಆಮೇಲೆ ಅಷ್ಟೂ ಹಾಳೆಗಳನ್ನು ಒಟ್ಟಿಗೆ ಹಿಡಿದು ಮಡಚಿ ಸೂಜಿ ಚುಚ್ಚಿದರು. "ಬಿಡ್ರಿ ಹಂಗಾರ. ನಂಬಲಾರದವರ ಬಾಯಿಲೆ ಇದನ್ನ ಹಾಡಸಿದ್ರ ಮುದುಕಗ ಅವಮಾನ" ಅಂದರು. ಮುಂದೆ ಎಂದೂ ಆ ಸೂಜಿ ತೆಗೆಯಲಿಲ್ಲ. ಓದುವವರು ಇದೊಂದನ್ನು ನೆನಪಿಟ್ಟುಕೊಳ್ಳಬೇಕು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಇಂಗ್ಲಂಡಿನಿಂದ ಪತ್ರ ಬಂತು. ಮಿಸ್ಸಮ್ಮ ತೀರಿಕೊಂಡಿದ್ದರು. ಅಕ್ಕೋರು ಎರಡು ದಿನ ಅಡಿಗೆ ಮಾಡಲಿಲ್ಲ. ಮೂರನೆಯ ದಿನ ಪಾದ್ರಿಗಳ ಮನೆಗೆ ಹೋಗಿ, ಮುಂದಿನ ರವಿವಾರ ಅವರ ಹೆಸರಿನಲ್ಲಿ ಈ ಹಾಡು ಹಾಡುತ್ತೇವೆ ಎಂದು ಕೇಳಿದರು. ನಾನು ಜೊತೆಗಿದ್ದೆ. ಪಾದ್ರಿಗಳು ಒಳ್ಳೆಯ ಮಾತಿನ ಮನುಷ್ಯ, ಕೂಡಿಸಿ ಚಹಾ ಕೊಟ್ಟರು. "ಹಾಡ್ರಿ, ಯಾಕ ಬ್ಯಾಡ" ಅಂದರು. ಶನಿವಾರ ಸಂಜೆ ಅವರೇ ಬಂದು ಹೊರಗೆ ನಿಂತರು.

"ಸಭಾದ ಹಿರಿಯರು ಒಪ್ಪವಲ್ರು ಅಕ್ಕೋರ. ಇದು ರೋಮಿನವರ ಪೂಜಿ. ಅದೂ ಅಲ್ದ, ನಿಮ್ಮ ಜೋಡಿ ಹಾಡಾವರು ಇಬ್ರೂ ಹಿಂದೂಗಳು."

"ರಾಣಿನೂ ಇದ ಮಾತ ಹೇಳಿದ್ಲು" ಅಂದರು ಅಕ್ಕೋರು. ದನಿ ನೆಲಕ್ಕೆ ಇಳಿದಿತ್ತು.

"ಯಾವ ರಾಣಿ?" ಅಂದರು ಪಾದ್ರಿಗಳು. ಅಕ್ಕೋರು ಬಾಗಿಲು ಹಾಕಿಕೊಂಡರು.

ರವಿವಾರ ಪ್ರಾರ್ಥನೆ ಮುಗಿದು ಮಂದಿ ಹೊರಗೆ ಬರುವ ಹೊತ್ತಿಗೆ ನಾವು ಮೂವರು ಚರ್ಚಿನ ಮೆಟ್ಟಿಲ ಕೆಳಗೆ, ಬೇವಿನ ಗಿಡದ ಹತ್ತಿರ ನಿಂತಿದ್ದೆವು. ಕಾಕಿ ತನ್ನಲ್ಲಿದ್ದ ಒಂದೇ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಅಕ್ಕೋರು ಸ್ವರ ಕೊಟ್ಟರು, ಶುರು ಮಾಡಿದೆವು. ಮಂದಿ ನಿಂತರು. ನಿಂತವರಲ್ಲಿ ಕೆಲವರ ಮುಖ ಮೆತ್ತಗಾದದ್ದನ್ನು ನಾನು ಕಂಡಿದ್ದೇನೆ, ಈಗ ಅವರು ಅದನ್ನು ಅಲ್ಲಗಳೆದರೂ ನಾನು ಬಲ್ಲೆ. ಕೊನೆಯ ಭಾಗಕ್ಕೆ ಬಂದೆವು. ಸಮಾಧಾನ ಕೊಡು ಎಂದು ಮೂರೂ ದನಿ ಒಂದರ ಹಿಂದೆ ಒಂದು ಬೇಡುವ ಜಾಗ. ಅಷ್ಟರಲ್ಲಿ ಸಭಾದ ಹಿರಿಯರೊಬ್ಬರು ಹೋಗಿ ಗಂಟೆಯ ಹಗ್ಗ ಹಿಡಿದರು. ಪ್ರಾರ್ಥನೆ ಮುಗಿದ ಮೇಲೆ ಗಂಟೆ ಬಾರಿಸುವ ಪದ್ಧತಿ ಅಲ್ಲಿ ಇರಲಿಲ್ಲ. ಎಳೆದರು, ಬಿಡದೆ ಎಳೆದರು. ನಮ್ಮ ದನಿ ನಮಗೇ ಕೇಳದಾಯಿತು.

ಅಕ್ಕೋರು ನಿಲ್ಲಿಸಲಿಲ್ಲ. ಕಾಕಿ ನಿಲ್ಲಿಸಲಿಲ್ಲ, ಆಕೆ ಇಡೀ ಜನ್ಮ ಸಪ್ಪಳದೊಳಗೇ ಹಾಡಿದವಳು. ನಾನು ನಿಲ್ಲಿಸಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ನಾಚಿಕೆಯಾಯಿತು. ಗಂಟೆಯ ಕೆಳಗೆ ಅವರಿಬ್ಬರು ನಡುವಿನ ದನಿ ಇಲ್ಲದೆ ಕೊನೆ ಮುಟ್ಟಿದರು.

ಸುದ್ದಿ ಬಾಗಲಕೋಟೆಗೆ ಹೋಗಲು ನಾಲ್ಕು ದಿನ ಸಾಕಾಯಿತು. ಅಪ್ಪ ಶನಿವಾರ ತುಳಸಿಗೇರಿಗೆ ಹೋಗಿ ಹನುಮಪ್ಪನ ದರ್ಶನ ಮಾಡಿಕೊಂಡು ಅಲ್ಲಿಂದ ನೇರ ನನ್ನ ಖೋಲಿಗೆ ಬಂದರು. ಒದರಾಡಲಿಲ್ಲ. "ಬಾದಾಮಿಯವರ ಜೋಡಿ ನಿನ್ನ ಲಗ್ನದ ಮಾತು ನಡದದ. ಚರ್ಚಿನ ಮುಂದ ನಿಂತು ಹಾಡಿದ್ಲು ಅಂತ ಅವರ ಕಿವಿಗೆ ಬಿದ್ದದ" ಅಂದರು. ಸೋಮವಾರ ವಿಜಾಪುರದ ಆ ಸಾಹೇಬರೂ ಬಂದರು. ಮಿಶನ್ ಸಾಲಿಗೆ ಸರಕಾರದ ಗ್ರ್ಯಾಂಟು ಇತ್ತು. ಸಾಲಿ ನಡೆಸುವವರಿಗೆ ಅದು ನಿಂತೀತೆಂಬ ಹೆದರಿಕೆ. ಹೀಗೆ ಅಪ್ಪ, ಸಾಹೇಬರು, ಗಂಟೆ ಎಳೆದ ಹಿರಿಯರು ಮೂವರೂ ಕಾಳಿನ ವ್ಯಾಪಾರಿಯ ಕಟ್ಟೆಯ ಮೇಲೆ ಕೂತರು. ಒಬ್ಬರ ಮನೆಯ ನೀರು ಒಬ್ಬರು ಮುಟ್ಟದವರು ಅಂದು ಒಂದೇ ಚಾಪೆಯ ಮೇಲೆ, ಎಷ್ಟು ಗೌರವದಿಂದ ಮಾತಾಡಿಕೊಂಡರು ಅಂತೀರಿ. ಒಬ್ಬ ಹೆಂಗಸನ್ನು ಊರು ಬಿಡಿಸುವುದಕ್ಕೆ ಅವರ ನಡುವೆ ಯಾವ ಮತಭೇದವೂ ಉಳಿದಿರಲಿಲ್ಲ.

ಕಾಗದವನ್ನು ಸಾಹೇಬರು ಹೇಳಿದರು, ಚರ್ಚಿನ ಹಿರಿಯರು ಬರೆದರು, ಅಪ್ಪ ವ್ಯಾಕರಣ ತಿದ್ದಿದರು. ಹಾಡು ಕಲಿಸುವ ನೆವದಿಂದ ಸದರಿ ಶಿಕ್ಷಕಿ ನನ್ನನ್ನು ಮತಾಂತರಿಸಲು ಪ್ರಯತ್ನಿಸಿದ್ದಾರೆ ಎಂದಿತ್ತು. ನನ್ನ ಮುಂದೆ ಹಿಡಿದರು.

"ಇದು ಖರೆ ಅಲ್ಲ, ಅಪ್ಪಾ" ಅಂದೆ.

"ಖರೆ ಸುಳ್ಳಿನ ಮಾತಲ್ಲ ಇದು. ನಿನ್ನ ಬದುಕಿನ ಮಾತು."

ಸೂಜಿ ಚುಚ್ಚಿದ ಆ ಹಾಳೆಗಳು ನನ್ನ ಕಣ್ಣ ಮುಂದೆ ಇದ್ದವು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಸಹಿ ಮಾಡಿದೆ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ, ಆದರೆ ಆ ಚಾಪೆಯ ಮೇಲೆ ನಾಲ್ಕನೆಯವಳಾಗಿ ನಾನೂ ಕೂತಿದ್ದೆ.

ಮರುದಿನ ಮಿಶನ್ ಸಾಲಿಯ ಆಫೀಸಿನಲ್ಲಿ ಅಕ್ಕೋರ ಕೈಗೆ ಆ ಕಾಗದ ಕೊಟ್ಟರು. ನನ್ನನ್ನೂ ಕರೆಸಿ ನಿಲ್ಲಿಸಿದ್ದರು. ಅಕ್ಕೋರು ಚಾಳೀಸು ಹಾಕಿಕೊಂಡು ಎರಡು ಸಲ ಓದಿದರು. ನಾನು ಅವರ ಕಿವಿ ನೋಡುತ್ತಿದ್ದೆ, ಕೆಂಪಾಗಲೇ ಇಲ್ಲ. ಅದಕ್ಕಿಂತ ಭಯಂಕರವಾದದ್ದನ್ನು ನಾನು ಕಂಡಿಲ್ಲ.

"ಇದರಾಗ ಹಾಡು ಅನ್ನೂ ಶಬ್ದ ಒಂದ ಖರೆ ಐತಿ" ಅಂದರು. ಕಾಗದ ಮೇಜಿನ ಮೇಲೆ ಇಟ್ಟು, ನನ್ನ ಪಕ್ಕದಿಂದ ಹಾದು ಹೋದರು. ಮಧ್ಯಾಹ್ನದ ಬಸ್ಸಿಗೆ ಟ್ರಂಕು ಹೇರಿಸಿ ಇಳಕಲ್ಲಿಗೆ, ಕಾಕಿಯ ಮನೆಗೆ ಹೋದರು.

ಆ ಬಾದಾಮಿಯವರ ಮಗನ ಜೋಡಿಯೇ ನನ್ನ ಲಗ್ನವಾಯಿತು. ಯಜಮಾನರು ಬಾಗಲಕೋಟೆಯಲ್ಲಿ ಹೈಸ್ಕೂಲ್ ಮಾಸ್ತರರು, ಕೆಟ್ಟವರಲ್ಲ. ನಾನು ಹಾಡುವುದನ್ನು ಬಿಟ್ಟೆ. ಕರ್ನಾಟಕ ಒಂದಾಯಿತು. ಅದರ ಮರುವರ್ಷ ಬಸಿರಿ ನಾದಿನಿಯ ಕುಬಸಕ್ಕೆ ಸೀರೆ ತರಲು ಇಳಕಲ್ಲಿಗೆ ಹೋಗಿದ್ದೆ. ಸೀರೆ ಆರಿಸಿಯಾಯಿತು. ಕಾಲು ತಾವಾಗಿ ಆ ಓಣಿಗೆ ಹೋದವು. ಅಂದು ಅಮಾವಾಸ್ಯೆ, ಮಗ್ಗಗಳಿಗೆ ರಜೆ. ಓಣಿ ಸುಮ್ಮನಿತ್ತು. ಕಾಕಿಯ ಮನೆಯಿಂದ ಮೂರು ದನಿ ಕೇಳುತ್ತಿದ್ದವು.

ಮೂರು. ನನ್ನ ದನಿಯನ್ನು ಬೇರೆ ಯಾರೋ ಹಾಡುತ್ತಿದ್ದರು. ನಾನು ಎಂದೂ ಹಾಡದಷ್ಟು ಚೆನ್ನಾಗಿ, ಅವಸರವಿಲ್ಲದೆ. ಕಟ್ಟೆ ಹಿಡಿದುಕೊಂಡು ಕೊನೆಯವರೆಗೂ ಕೇಳಿದೆ.

ಕಾಕಿ ಹೊರಗೆ ಬಂದವಳು ನನ್ನನ್ನು ಕಂಡಳು. "ನೀ ಏನ?" ಅಂದಳು. ಬಾ ಅನ್ನಲಿಲ್ಲ. ಒಳಗೆ ಹೋಗಿ ಹೇಳಿದಳು. ಅಕ್ಕೋರು ಬಾಗಿಲಿಗೆ ಬಂದರು. ಬಡಕಾಗಿದ್ದರು. ಮಗ್ಗದವರಿಗೆ ನೂಲು ಸುತ್ತಿ ಕೊಟ್ಟು ಬದುಕುತ್ತಿದ್ದರು, ಬೆರಳಿನ ಸಂದಿಯಲ್ಲಿ ಬಣ್ಣ ಕೂತಿತ್ತು.

"ನನ್ನಿಂದ ತಪ್ಪಾತ್ರಿ, ಅಕ್ಕೋರ."

"ಹೂಂ, ಆತು."

"ಕ್ಷಮಾ ಮಾಡ್ರಿ."

"ನನ್ನ ಮುಂದ ಅತ್ತರ ಏನ್ ಬಂತು?" ದನಿ ಇಳಿದಿತ್ತು, ಕಿವಿ ಕೆಂಪಾಗಿದ್ದವು. ನನಗೆ ಹೇಗೋ ಜೀವ ಬಂದಂತಾಯಿತು. "ಬರದು ಕೊಟ್ಟದ್ದು ನೀ. ಸುಳ್ಳಂತ ಬರದು ಕೊಡು, ಯಾರ‍್ಯಾರು ಕುಂತು ಬರದ್ರಿ ಅಂತ ಹೆಸರ ಹಾಕಿ. ಆಮ್ಯಾಲ ಈ ಮನಿಗೆ ಬಾ."

ಬರೆಯಲು ನನಗೆ ಎಂಟು ತಿಂಗಳು ಹಿಡಿಯಿತು. ಯಜಮಾನರು, "ಹಳೇದು ಯಾಕ ಕೆದರತಿ" ಅಂದರು. ಬೇಡ ಅನ್ನಲಿಲ್ಲ. ನಾಲ್ಕು ಪ್ರತಿ ಮಾಡಿದೆ. ವಿಜಾಪುರಕ್ಕೆ ಒಂದು, ಮಿಶನ್ ಸಾಲಿಗೆ ಒಂದು, ಅಪ್ಪನಿಗೆ ಒಂದು. ಸದರಿ ಕಾಗದಪತ್ರ ಹಿಂದಿನ ಮುಂಬಯಿ ಸರಕಾರದ ಕಾಲದ್ದಾಗಿದ್ದು ಈ ಕಚೇರಿಗೆ ಸಂಬಂಧಿಸಿದ್ದಲ್ಲ ಎಂದು ವಿಜಾಪುರದಿಂದ ಉತ್ತರ ಬಂತು. ಆಕೆಯನ್ನು ಹೊರಗೆ ಹಾಕುವಾಗ ಸರಕಾರ ಇತ್ತು, ಒಳಗೆ ಕರೆಯುವ ಹೊತ್ತಿಗೆ ಇಲ್ಲವಾಗಿತ್ತು. ಸಾಲಿಯವರು ಉತ್ತರವನ್ನೇ ಕೊಡಲಿಲ್ಲ. ಅಪ್ಪ ಕಾಗದ ಹಿಡಿದು ಬಂದು ಹೊಸ್ತಿಲಲ್ಲಿ ನಿಂತರು.

"ಇದರಾಗ ನನ್ನ ಹೆಸರು ಯಾಕ ಬರದಿ?"

"ನೀವು ಅಲ್ಲೆ ಇದ್ರಿ, ಅಪ್ಪಾ."

ಎರಡು ವರ್ಷ ಅವರು ನನ್ನ ಮನೆಗೆ ಬರಲಿಲ್ಲ.

ನಾಲ್ಕನೆಯ ಪ್ರತಿಯನ್ನು ನಾನೇ ಇಳಕಲ್ಲಿಗೆ ಒಯ್ದೆ. ಬರೆದು ಮುಗಿಸಿದ ಮೇಲೆ ಬಂದ ಮೊದಲ ಅಮಾವಾಸ್ಯೆಗೇ ಹೋದೆ, ಮಧ್ಯಾಹ್ನದ ಬಸ್ಸಿಗೆ. ಅಕ್ಕೋರು ಚಾಳೀಸು ಹಾಕಿಕೊಂಡು ಎರಡು ಸಲ ಓದಿದರು. ನೌಕರಿ ತಿರುಗಿ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ಒಳಗ ಬಾ" ಅಂದರು. ಒಳಗೆ ಕಾಕಿ ಇದ್ದಳು, ಆಕೆಯ ಸೊಸೆ ಇದ್ದಳು. ನಡುವಿನ ದನಿ ಆ ಸೊಸೆಯದು. ನಾನು ನನ್ನ ಹಳೆಯ ಜಾಗದಲ್ಲಿ, ಇಬ್ಬರ ನಡುವೆ, ಕೂರಲು ಹೋದೆ. ಅಕ್ಕೋರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ನೂಲು ಸುತ್ತುವ ರಾಟಿ ಇತ್ತು.

"ಅಲ್ಲೆ ಕುಂದ್ರು. ಸುತ್ತಿಕೋತ ಕೇಳು."

ಮುಂದೆ ವರ್ಷಗಟ್ಟಲೆ, ಕಾಕಿ ಸಾಯುವತನಕ, ಪ್ರತಿ ಅಮಾವಾಸ್ಯೆಗೆ ತಪ್ಪದೆ ಹೋದೆ. ಅಕ್ಕೋರು ನನಗೆ ಹಾಡು ಎಂದು ಒಂದು ದಿನವೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮೂವರು ಹಾಡುತ್ತಿದ್ದರು, ನಾನು ನೂಲು ಸುತ್ತುತ್ತಿದ್ದೆ. ರಾಟಿಯ ಸಪ್ಪಳ ಹೆಚ್ಚಾದರೆ ಅಕ್ಕೋರು ತಿರುಗಿ ನೋಡುತ್ತಿದ್ದರು, ನಾನು ಕೈ ನಿಧಾನ ಮಾಡುತ್ತಿದ್ದೆ.